ರೋಬೋಟ್‌ಗೆ ಮುಖ ಕೊಡುವುದು ಹೇಗೆ: ರೆಪ್ಪೆಯಿಂದ ಬಾಯಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ರೋಬೋಟ್‌ಗೆ ಮುಖ ಮಾಡಲು ಕೂತವರು ಸಾಮಾನ್ಯವಾಗಿ ಶುರು ಮಾಡುವುದು ಹೀಗೆ: ಖುಷಿ, ದುಃಖ, ಕೋಪ, ಭಯ, ಆಶ್ಚರ್ಯ, ಅಸಹ್ಯ ಅಂತ ಆರು ಚಿತ್ರ ಬರೆದು, ಒಂದೊಂದಕ್ಕೂ ಒಂದು ಬಟನ್ ಇಡುತ್ತಾರೆ. ಬಟನ್ ಒತ್ತಿದರೆ ಮುಖ ಬದಲಾಗುತ್ತದೆ. ನೋಡಿದವರು "ಚೆನ್ನಾಗಿದೆ" ಅಂತಾರೆ, ಎರಡು ನಿಮಿಷಕ್ಕೆ ಬೇಜಾರಾಗಿ ಫೋನ್ ತೆಗೀತಾರೆ. ಸ್ಟಿಕ್ಕರ್ ಕಿತ್ತು ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತದೆ, ಅಷ್ಟೆ.

ಭಾವನೆ ಕಾಣುವುದು ಚಿತ್ರದಲ್ಲಿ ಅಲ್ಲ, ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹೋಗುವ ದಾರಿಯಲ್ಲಿ. ಯಾವ ಭಾಗ ಮೊದಲು ಅಲ್ಲಾಡಿತು, ಎಷ್ಟು ಬೇಗ ಹೋಯಿತು, ಎಷ್ಟು ಹೊತ್ತು ನಿಂತಿತು, ಹೇಗೆ ವಾಪಸ್ ಬಂತು, ಇಷ್ಟನ್ನು ಸರಿ ಮಾಡಿದರೆ ಎರಡು ಚೌಕ ಕಣ್ಣುಗಳೂ ಜೀವ ಇದ್ದಂತೆ ಕಾಣುತ್ತವೆ. ಈ ಬರಹ ಪೂರ್ತಿ ಅದರ ಸುತ್ತಲೇ ಇದೆ. ಒಂದು ಚಿಕ್ಕ ಸ್ಕ್ರೀನ್, ಒಂದು ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಚಿಪ್) ಇದ್ದರೆ ನೀವೂ ಜೊತೆಜೊತೆಗೆ ಮಾಡುತ್ತಾ ಹೋಗಬಹುದು.

ಹೆಜ್ಜೆ 1: ರೋಬೋಟ್ ಏನು ಹೇಳಬೇಕು ಅಂತ ಬರೆದುಕೊಳ್ಳಿ

ಭಾವನೆಗಳ ಪಟ್ಟಿ ಬೇಡ. ಮಾತುಗಳ ಪಟ್ಟಿ ಮಾಡಿ. "ಕೇಳಿಸ್ತು", "ಯೋಚಿಸ್ತಾ ಇದ್ದೀನಿ, ತಡೀರಿ", "ಅರ್ಥ ಆಗಲಿಲ್ಲ", "ಕೆಲಸ ಮುಗೀತು", "ಸಿಕ್ಕಿಹಾಕಿಕೊಂಡಿದ್ದೀನಿ, ಸಹಾಯ ಮಾಡಿ", "ನಾನೀಗ ಈ ಕಡೆ ತಿರುಗ್ತೀನಿ, ಹುಷಾರು". ರೋಬೋಟ್‌ಗೆ ನಿಜವಾಗಿ ಇರುವ ಸ್ಥಿತಿಗಳು ಇವು. ಭಾವನೆ ಅನ್ನುವುದು ಈ ಸ್ಥಿತಿಯನ್ನು ಎದುರಿಗಿರುವವರಿಗೆ ಮಾತಿಲ್ಲದೆ ತಿಳಿಸುವ ದಾರಿ.

ಕಾರ್ಖಾನೆಯ ರೋಬೋಟ್ ಬ್ಯಾಕ್ಸ್‌ಟರ್ ಇದಕ್ಕೆ ಒಳ್ಳೆಯ ಉದಾಹರಣೆ. 2012ರಲ್ಲಿ ಬಂದ ಅದಕ್ಕೆ ತಲೆಯ ಜಾಗದಲ್ಲಿ ಒಂದು ಸ್ಕ್ರೀನ್, ಅದರಲ್ಲಿ ಕಣ್ಣು ಮತ್ತು ಹುಬ್ಬು ಇದ್ದವು. ಕೈ ಯಾವ ಕಡೆ ಹೋಗಲಿದೆಯೋ ಕಣ್ಣು ಮೊದಲೇ ಆ ಕಡೆ ನೋಡುತ್ತಿತ್ತು. ಪಕ್ಕದಲ್ಲಿ ನಿಂತು ಕೆಲಸ ಮಾಡುವವರಿಗೆ ಅಷ್ಟು ಸಾಕು, ಕೈ ಬರುವ ಮೊದಲೇ ಸರಿದುಕೊಳ್ಳಬಹುದು. ಮುಖ ಅಂದರೆ ಅಲಂಕಾರ ಅಂದುಕೊಂಡವರು ಇದನ್ನೊಮ್ಮೆ ಯೋಚಿಸಬೇಕು.

ನಿಮ್ಮ ಪಟ್ಟಿ ಐದಾರು ಸಾಲಿಗೆ ನಿಲ್ಲಲಿ. ಕೋಪವನ್ನು ಮಾತ್ರ ಮೊದಲ ಪಟ್ಟಿಯಿಂದ ತೆಗೆದುಬಿಡಿ. ಬಳಸುವವರ ಮೇಲೆ ಸಿಟ್ಟಾಗುವ ಯಂತ್ರ ಯಾರಿಗೂ ಬೇಕಿಲ್ಲ. ತಮಾಷೆಗೆ ಬೇಕಾದರೆ ಮುಖ ಊದಿಸಿಕೊಳ್ಳುವುದನ್ನು ಆಮೇಲೆ ಸೇರಿಸಿ.

ಹೆಜ್ಜೆ 2: ಎಷ್ಟರ ಮಟ್ಟಿಗೆ ಮನುಷ್ಯರ ಹಾಗೆ?

1970ರಲ್ಲಿ ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ ಒಂದು ವಿಚಾರ ಮುಂದಿಟ್ಟರು. ರೋಬೋಟ್ ಮನುಷ್ಯರನ್ನು ಹೋಲುತ್ತಾ ಹೋದಂತೆ ನಮಗೆ ಹೆಚ್ಚು ಇಷ್ಟವಾಗುತ್ತದೆ, ಆದರೆ ಇನ್ನೇನು ಮನುಷ್ಯನೇ ಅನ್ನುವಷ್ಟು ಹತ್ತಿರ ಬಂದಾಗ ಏನೋ ಒಂದು ಸರಿಯಿಲ್ಲ ಅನಿಸಿ ಮೈ ಜುಂ ಅನ್ನುತ್ತದೆ. ಇದನ್ನೇ ಈಗ ಎಲ್ಲರೂ ಅನ್‌ಕ್ಯಾನಿ ವ್ಯಾಲಿ ಅನ್ನುತ್ತಾರೆ. ಅಲುಗಾಡುವ ವಸ್ತುಗಳಲ್ಲಿ ಈ ಕಿರಿಕಿರಿ ಇನ್ನೂ ಜಾಸ್ತಿ ಅಂತಲೂ ಮೋರಿ ಹೇಳಿದ್ದರು.

ಹಾಗಾಗಿ ಸಿಲಿಕಾನ್ ಚರ್ಮದ ಆಸೆ ಸದ್ಯಕ್ಕೆ ಬಿಡಿ. ಅದರಲ್ಲಿ ಪಳಗಿದವರೂ ಹುಷಾರಾಗಿರುತ್ತಾರೆ. 2021ರ ಕೊನೆಯಲ್ಲಿ ಎಲ್ಲರ ಗಮನ ಸೆಳೆದ ಅಮೆಕಾ ರೋಬೋಟ್‌ನ ಮುಖಚಲನೆ ಬಹಳ ನಾಜೂಕು, ಆದರೂ ಅದರ ಚರ್ಮ ಬೂದು ಬಣ್ಣದ್ದು. ಇದು ಯಂತ್ರ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಇನ್ನೊಂದು ತುದಿಯಲ್ಲಿ ಕೀಪಾನ್ ಅನ್ನುವ ಪುಟ್ಟ ರೋಬೋಟ್ ಇದೆ. ಹಳದಿ ಬಣ್ಣದ ಎರಡು ಉಂಡೆ, ಎರಡು ಕಣ್ಣು, ಒಂದು ಮೂಗು, ಮುಖದಲ್ಲಿ ಅಲ್ಲಾಡುವ ಭಾಗವೇ ಇಲ್ಲ. ಮೈ ಓಲಾಡಿಸಿ, ಕುಣಿದು, ತಿರುಗಿ ನೋಡಿಯೇ ಅದು ಮಕ್ಕಳ ಜೊತೆ ಬೆರೆಯುತ್ತದೆ. ಆಟಿಸಂ ಇರುವ ಮಕ್ಕಳ ಜೊತೆಗಿನ ಅಧ್ಯಯನಗಳಲ್ಲೂ ಅದನ್ನು ಬಳಸಿದ್ದಾರೆ.

ಇಲ್ಲಿ ನೆನಪಿಡಬೇಕಾದ್ದು ಒಂದು ಲೆಕ್ಕ. ಮುಖದ ಪ್ರತಿ ಭಾಗವೂ ಒಂದು ಆಸೆ ಹುಟ್ಟಿಸುತ್ತದೆ. ಬಾಯಿ ಇದ್ದರೆ ಮಾತಾಡುತ್ತದೆ ಅಂದುಕೊಳ್ಳುತ್ತಾರೆ, ಕಿವಿ ಇದ್ದರೆ ಕೂಗಿ ಕರೀತಾರೆ, ಪಾಪೆ ಇದ್ದರೆ ತಮ್ಮನ್ನು ನೋಡುತ್ತಿದೆ ಅಂದುಕೊಳ್ಳುತ್ತಾರೆ. ಕ್ಯಾಮೆರಾನೇ ಇಲ್ಲದ ರೋಬೋಟ್‌ಗೆ ದೊಡ್ಡ ಪಾಪೆ ಬರೆದು ಜನರನ್ನು ದಿಟ್ಟಿಸುವಂತೆ ಮಾಡಬೇಡಿ. ಎದುರು ನಿಂತು ಕೈ ಬೀಸಿದವರು ಪೆಚ್ಚಾಗುತ್ತಾರೆ.

ಹೆಜ್ಜೆ 3: ಸ್ಕ್ರೀನೋ, ಮೋಟಾರೋ?

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಸ್ಕ್ರೀನ್. ತಪ್ಪು ತಿದ್ದುವುದು ಸುಲಭ, ಸದ್ದಿಲ್ಲ, ಮುರಿಯುವ ಭಾಗ ಇಲ್ಲ. 128×64 ಪಿಕ್ಸೆಲ್‌ನ ಪುಟ್ಟ ಒಎಲ್‌ಇಡಿ ಸ್ಕ್ರೀನ್‌ನಲ್ಲೇ ಎಷ್ಟೋ ಚೆಂದದ ಕಣ್ಣು ಮಾಡಬಹುದು. ಕಾಜ್ಮೋ ಅನ್ನುವ ಆಟಿಕೆ ರೋಬೋಟ್‌ನ ಮುಖ ಕೂಡ ಇಂಥ ಒಂದು ಸಣ್ಣ ಸ್ಕ್ರೀನೇ.

ಒಂದು ಕಡೆ ಮಾತ್ರ ಎಚ್ಚರ. ಈ ಒಎಲ್‌ಇಡಿಗೆ ಒಂದು ಫ್ರೇಮ್ (ಒಂದು ಪೂರ್ತಿ ಚಿತ್ರ) ಅಂದರೆ 1,024 ಬೈಟ್. ಸ್ಕ್ರೀನನ್ನೂ ಬೋರ್ಡನ್ನೂ ಜೋಡಿಸುವ ಐ2ಸಿ ತಂತಿಯ ಮೇಲೆ ಒಂದು ಬೈಟ್‌ಗೆ 9 ಬಿಟ್ ಹೋಗುತ್ತದೆ. ಆರ್ಡುಯಿನೋ ಅನ್ನುವ ಮೈಕ್ರೋಕಂಟ್ರೋಲರ್ ಬೋರ್ಡ್‌ನಲ್ಲಿ ಐ2ಸಿ ವೇಗ ತಾನಾಗಿ 100 ಕಿಲೋಹರ್ಟ್ಸ್ ಇರುತ್ತದೆ, ಆ ವೇಗದಲ್ಲಿ ಒಂದು ಫ್ರೇಮ್ ಕಳಿಸಲು 92 ಮಿಲಿಸೆಕೆಂಡ್ ಬೇಕು. ಅಂದರೆ ಸೆಕೆಂಡಿಗೆ ಹತ್ತೇ ಫ್ರೇಮ್. ಕಣ್ಣು ಮಿಟುಕಿಸುವ ಕೆಲಸ ಕಾಲು ಸೆಕೆಂಡಿನದ್ದು, ಅದಕ್ಕೆ ಎರಡು ಫ್ರೇಮ್ ಸಿಕ್ಕರೆ ರೆಪ್ಪೆ ಇಳಿದದ್ದೇ ಕಾಣುವುದಿಲ್ಲ, ಸ್ಕ್ರೀನ್ ಕೆಟ್ಟು ಮಿನುಗಿದ ಹಾಗೆ ಕಾಣುತ್ತದೆ. ವೇಗವನ್ನು 400 ಕಿಲೋಹರ್ಟ್ಸ್‌ಗೆ ಏರಿಸಿ, ಆಗ ಒಂದು ಫ್ರೇಮ್‌ಗೆ ಸುಮಾರು 23 ಮಿಲಿಸೆಕೆಂಡ್. ಇನ್ನೂ ಬೇಕಿದ್ದರೆ ಇದಕ್ಕಿಂತ ವೇಗದ ತಂತಿಜೋಡಣೆಯ ಎಸ್‌ಪಿಐ ಸ್ಕ್ರೀನ್ ತಗೊಳ್ಳಿ. "ಮುಖಕ್ಕೆ ಜೀವ ಇಲ್ಲ" ಅನ್ನುವ ಎಷ್ಟೋ ದೂರುಗಳ ಮೂಲ ವಿನ್ಯಾಸ ಅಲ್ಲ, ಈ ವೇಗ ಹೇಳುವ ಒಂದು ಸಾಲು ಕೋಡ್.

ಮೋಟಾರು ಬೇಕೇ ಬೇಕು ಅನ್ನುವವರಿಗೆ: ಎಸ್‌ಜಿ90ಯಂಥ ಪುಟ್ಟ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು) 60 ಡಿಗ್ರಿ ತಿರುಗಲು ಸುಮಾರು 0.1 ಸೆಕೆಂಡ್ ತಗೊಳ್ಳುತ್ತದೆ, ರೆಪ್ಪೆಗೆ ಆ ವೇಗ ಸಾಕು. ಕಿರಿಕಿರಿ ಬೇರೆ ಕಡೆ ಇದೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಕಿರ್ ಅನ್ನುತ್ತದೆ. ನಾಲ್ಕಾರು ಸರ್ವೋ ಒಟ್ಟಿಗೆ ಹೊರಟರೆ ಕರೆಂಟ್ ಸಾಲದೆ ಬೋರ್ಡ್ ರೀಸೆಟ್ ಆಗುತ್ತದೆ. ಸರ್ವೋಗಳಿಗೆ ಬೇರೆ ಪವರ್ ಸಪ್ಲೈ ಕೊಡಿ, ಗ್ರೌಂಡ್ (ನೆಗೆಟಿವ್ ತಂತಿ) ಮಾತ್ರ ಎರಡಕ್ಕೂ ಒಂದೇ ಇರಲಿ.

ಚಪ್ಪಟೆ ಸ್ಕ್ರೀನ್‌ಗೆ ಒಂದು ದೊಡ್ಡ ದೋಷ ಇದೆ. ಅದರ ಮೇಲಿನ ಕಣ್ಣು ನೇರ ನೋಡಿದರೆ ಕೋಣೆಯಲ್ಲಿರುವ ಎಲ್ಲರಿಗೂ ತನ್ನನ್ನೇ ನೋಡುತ್ತಿದೆ ಅನಿಸುತ್ತದೆ. ಇದಕ್ಕೆ ಮೋನಾಲಿಸಾ ಪರಿಣಾಮ ಅಂತ ಹೆಸರು. ಒಬ್ಬರೇ ಎದುರು ಕೂರುವುದಾದರೆ ತೊಂದರೆ ಇಲ್ಲ. ಮೂವರ ನಡುವೆ ಒಬ್ಬರ ಜೊತೆ ಮಾತಾಡಬೇಕು ಅಂದರೆ ಸ್ಕ್ರೀನ್‌ನ ಕಣ್ಣು ಕೈಕೊಡುತ್ತದೆ. ಫರ್ಹಾಟ್ ರೋಬೋಟ್‌ನಲ್ಲಿ ಮುಖದ ಆಕಾರದ ಮುಖವಾಡಕ್ಕೆ ಒಳಗಿಂದ ಪ್ರೊಜೆಕ್ಟರ್ ಬೆಳಕು ಬಿಡುತ್ತಾರೆ, ಮುಖಕ್ಕೆ ಉಬ್ಬುತಗ್ಗು ಇರುವುದರಿಂದ ನೋಟ ಸರಿಯಾದ ಕಡೆ ಕಾಣುತ್ತದೆ. ನಿಮ್ಮ ಮಟ್ಟಿಗೆ ಸುಲಭ ದಾರಿ ಅಂದರೆ ಸ್ಕ್ರೀನ್‌ನ ಕೆಳಗೆ ಒಂದೇ ಒಂದು ಮೋಟಾರು ಇಟ್ಟು ತಲೆಯನ್ನೇ ತಿರುಗಿಸುವುದು.

ಹೆಜ್ಜೆ 4: ಸುಮ್ಮನಿರುವ ಮುಖ ಮೊದಲು

ರೋಬೋಟ್ ಹೆಚ್ಚಿನ ಹೊತ್ತು ಏನೂ ಮಾಡದೆ ಸುಮ್ನೆ ಇರುತ್ತದೆ. ಜನ ಜಾಸ್ತಿ ನೋಡುವುದು ಆ ಮುಖವನ್ನೇ. ಆದರೂ ಅದಕ್ಕೆ ಯಾರೂ ಹೊತ್ತು ಕೊಡುವುದಿಲ್ಲ.

ಸುಮ್ಮನಿರುವ ಮುಖದಲ್ಲಿ ಮೇಲಿನ ರೆಪ್ಪೆ ಸ್ವಲ್ಪ ಇಳಿದಿರಲಿ, ಕಣ್ಣಿನ ಐದನೇ ಒಂದು ಭಾಗ ಮುಚ್ಚುವಷ್ಟು. ಪೂರ್ತಿ ತೆರೆದಿದ್ದರೆ ಗಾಬರಿಯಾದಂತೆ ಕಾಣುತ್ತದೆ, ಮತ್ತೆ ನಿಜವಾಗಿ ಆಶ್ಚರ್ಯ ತೋರಿಸಬೇಕಾದಾಗ ಇನ್ನೂ ತೆರೆಯಲು ಜಾಗವೇ ಉಳಿದಿರುವುದಿಲ್ಲ. ಬಾಯಿ ಇದ್ದರೆ ಅದರ ತುದಿ ಕೂದಲೆಳೆಯಷ್ಟು ಮೇಲಿರಲಿ. ಯಾವಾಗಲೂ ಹಲ್ಲು ಕಿರಿಯುವ ಮುಖ ಬೇಡ, "ಸಿಕ್ಕಿಹಾಕಿಕೊಂಡಿದ್ದೀನಿ" ಅನ್ನುವಾಗಲೂ ಅದೇ ನಗು ಉಳಿದರೆ ಅಸಹ್ಯ.

ರೋಬೋಟ್ ಎಲ್ಲಿ ಇರುತ್ತದೋ ಅಲ್ಲಿಂದ ನೋಡಿ ಪರೀಕ್ಷಿಸಿ. ತಲೆ ಮುಂದಕ್ಕೆ ಬಾಗಿದರೆ, ಅಥವಾ ನಾವು ಮೇಲಿಂದ ನೋಡಿದರೆ, ನೇರ ಇರುವ ಹುಬ್ಬು ಕೂಡ ಒಳಗೆ ಇಳಿದ ಹಾಗೆ ಕಂಡು ಗಂಟಿಕ್ಕಿದಂತೆ ಅನಿಸುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಮುದ್ದಾಗಿದ್ದ ಮುಖ ನೆಲದ ಮೇಲೆ ಓಡಾಡುವಾಗ ಕೆಕ್ಕರಿಸಿ ನೋಡುವುದು ಇದಕ್ಕೇ. ಮುಖವನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಕೂರಿಸಿದರೆ ಸರಿಹೋಗುತ್ತದೆ.

ಹೆಜ್ಜೆ 5: ಚಿತ್ರ ಬಿಡಿ, ನಂಬರ್ ಹಿಡಿಯಿರಿ

ಪ್ರತಿ ಕಣ್ಣಿಗೆ ಇಷ್ಟು ನಂಬರ್ ಸಾಕು: ಮೇಲಿನ ರೆಪ್ಪೆ ಎಷ್ಟು ಇಳಿದಿದೆ, ಅದು ಯಾವ ಕಡೆ ಓರೆಯಾಗಿದೆ, ಕೆಳಗಿನ ರೆಪ್ಪೆ ಎಷ್ಟು ಏರಿದೆ, ಕಣ್ಣು ಅಡ್ಡಕ್ಕೆ ಮತ್ತು ಉದ್ದಕ್ಕೆ ಎಲ್ಲಿ ನೋಡುತ್ತಿದೆ. ಬಾಯಿಗೆ ಎರಡು: ತುದಿಯ ಬಾಗು, ತೆರೆದಿರುವ ಅಳತೆ. ತಲೆಗೆ ಒಂದು ವಾಲು. ಇಷ್ಟೇ. ಮುಖಭಾವ ಅಂದರೆ ಈ ನಂಬರ್‌ಗಳ ಒಂದು ಗುಂಪು. ಎಡಗಣ್ಣು, ಬಲಗಣ್ಣಿಗೆ ನಂಬರ್ ಬೇರೆ ಬೇರೆ ಇಡಿ, ಅನುಮಾನ ತೋರಿಸಲು ಬೇಕಾಗುತ್ತದೆ.

ಯಾವ ಭಾವಕ್ಕೆ ಯಾವ ಭಾಗ ಅಲ್ಲಾಡುತ್ತದೆ ಅನ್ನುವುದಕ್ಕೆ ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸನ್ 1978ರಲ್ಲಿ ಹೊರತಂದ, ಮುಖದ ಚಲನೆಗಳನ್ನು ಗುರುತು ಹಾಕುವ ಫ್ಯಾಕ್ಸ್ (FACS) ಪದ್ಧತಿ ಒಳ್ಳೆಯ ಆಧಾರ. ಅದರಲ್ಲಿ ಮುಖದ ಒಂದೊಂದು ಚಲನೆಗೂ ಒಂದು ಸಂಖ್ಯೆ ಇದೆ. 12 ಅಂದರೆ ಬಾಯಿಯ ತುದಿ ಮೇಲೆಳೆಯುವುದು, 6 ಅಂದರೆ ಕೆನ್ನೆ ಏರುವುದು. ಮನಸಾರೆ ನಕ್ಕ ಮುಖದಲ್ಲಿ ಈ ಎರಡೂ ಸಾಮಾನ್ಯವಾಗಿ ಒಟ್ಟಿಗೆ ಬರುತ್ತವೆ. ರೋಬೋಟ್‌ಗೆ ಕೆನ್ನೆ ಇಲ್ಲ, ಆದರೆ ಕೆನ್ನೆ ಏರಿದಾಗ ಕೆಳಗಿನ ರೆಪ್ಪೆಯೂ ಏರುತ್ತದಲ್ವಾ, ಅದನ್ನು ಮಾಡಿದರೆ ಸಾಕು. ಬಾಯಿಯೇ ಇಲ್ಲದ ಮುಖ ಕೂಡ ನಗುತ್ತದೆ.

ನಂಬರ್ ಇಟ್ಟುಕೊಳ್ಳುವುದರ ನಿಜವಾದ ಲಾಭ ಬೆರಕೆ ಮಾಡುವಾಗ ಗೊತ್ತಾಗುತ್ತದೆ. 1990ರ ದಶಕದ ಕೊನೆಯಲ್ಲಿ ಎಂಐಟಿಯಲ್ಲಿ ಸಿಂಥಿಯಾ ಬ್ರೀಜಿಯಲ್ ಕಟ್ಟಿದ ಕಿಸ್ಮೆಟ್ ರೋಬೋಟ್ ಹೀಗೇ ಕೆಲಸ ಮಾಡುತ್ತಿತ್ತು. ಅದರ ಭಾವಕ್ಕೆ ಮೂರು ಅಳತೆ: ಉತ್ಸಾಹ ಎಷ್ಟು, ಹಿತವೋ ಅಹಿತವೋ, ಎದುರಿಗಿರುವುದಕ್ಕೆ ಮುಖ ಕೊಡುತ್ತದೋ ತಿರುಗಿಸುತ್ತದೋ. ಈ ಮೂರು ಅಳತೆಗೆ ತಕ್ಕಂತೆ ಹುಬ್ಬು, ರೆಪ್ಪೆ, ತುಟಿ, ಕಿವಿ ಎಲ್ಲ ನಡುವಿನ ಜಾಗಗಳಿಗೂ ಹೋಗುತ್ತಿದ್ದವು. ನೀವು ಎರಡೇ ಅಳತೆಯಿಂದ ಶುರು ಮಾಡಿ, ಹಿತ ಮತ್ತು ಉತ್ಸಾಹ. ಮನಶ್ಶಾಸ್ತ್ರಜ್ಞ ಜೇಮ್ಸ್ ರಸೆಲ್ 1980ರಲ್ಲಿ ಭಾವನೆಗಳನ್ನು ಜೋಡಿಸಿದ್ದು ಈ ಎರಡು ಅಕ್ಷಗಳ ಮೇಲೆಯೇ. ಹಿತ ಜಾಸ್ತಿ, ಉತ್ಸಾಹ ಕಡಿಮೆ ಅಂದರೆ ನೆಮ್ಮದಿ. ಎರಡೂ ಕಡಿಮೆ ಅಂದರೆ ಮಂಕು.

ಹೆಜ್ಜೆ 6: ರೆಪ್ಪೆ

ಒಂದೇ ಒಂದು ಭಾಗ ಸರಿ ಮಾಡಲು ಹೊತ್ತಿದೆ ಅಂದರೆ ರೆಪ್ಪೆ ಸರಿ ಮಾಡಿ. ಬರೆಯುವುದೂ ಸುಲಭ: ಮೂಲೆ ದುಂಡಗಿನ ಒಂದು ಬಿಳಿ ಚೌಕ, ಅದೇ ಕಣ್ಣು. ಅದರ ಮೇಲೆ ಕಪ್ಪು ತ್ರಿಕೋನ ಎಳೆದರೆ ಓರೆ ರೆಪ್ಪೆ. ತ್ರಿಕೋನ ಮೂಗಿನ ಕಡೆ ದಪ್ಪ ಇದ್ದರೆ ಸಿಟ್ಟು, ಕಿವಿಯ ಕಡೆ ದಪ್ಪ ಇದ್ದರೆ ದುಃಖ. ಎರಡಕ್ಕೂ ಕೋಡ್ ಒಂದೇ, ಒಂದು ನಂಬರ್‌ನ ಚಿಹ್ನೆ ಮಾತ್ರ ಬೇರೆ. ಕೆಳಗಿನಿಂದ ಕಪ್ಪು ವೃತ್ತ ಏರಿಸಿ, ಕಣ್ಣು ಬಿಲ್ಲಿನಂತೆ ಬಾಗಿ ನಗುತ್ತದೆ. ಎರಡೂ ರೆಪ್ಪೆ ಅರ್ಧಕ್ಕೆ ಇಳಿದರೆ ನಿದ್ದೆ. ಒಂದು ಕಣ್ಣು ಅರ್ಧ, ಇನ್ನೊಂದು ಪೂರ್ತಿ ಇದ್ದರೆ "ಹೌದಾ?" ಅನ್ನುವ ಅನುಮಾನ.

ಇನ್ನು ಮಿಟುಕಿಸುವುದು. ಮನುಷ್ಯರು ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತಾರೆ. ಮುಚ್ಚುವುದು ಬೇಗ, ತೆರೆಯುವುದು ನಿಧಾನ. ಎರಡಕ್ಕೂ ಒಂದೇ ವೇಗ ಕೊಟ್ಟರೆ ಯಂತ್ರದ ಶಟರ್ ಅನಿಸುತ್ತದೆ. ಮುಚ್ಚಲು 70 ಮಿಲಿಸೆಕೆಂಡ್, ಮುಚ್ಚಿದ ಹಾಗೆ 30, ತೆರೆಯಲು 140 ಕೊಟ್ಟು ನೋಡಿ, ಅಲ್ಲಿಂದ ನಿಮ್ಮ ಕಣ್ಣಿಗೆ ಹೊಂದುವಂತೆ ತಿದ್ದಿ. ನಡುವಿನ ಅಂತರ ಯಾವತ್ತೂ ಒಂದೇ ಇರಬಾರದು. 2ರಿಂದ 6 ಸೆಕೆಂಡಿನ ನಡುವೆ ಹೇಗೆಂದರೆ ಹಾಗೆ ಆರಿಸಿ, ಅಪರೂಪಕ್ಕೊಮ್ಮೆ ಎರಡು ಸಲ ಪಟಪಟ ಅನ್ನಲಿ. ಗಮನವಿಟ್ಟು ಏನನ್ನೋ ನೋಡುವಾಗ ಕಡಿಮೆ, ಮಾತಾಡುವಾಗ ಜಾಸ್ತಿ. ನೋಟ ದೂರ ಹೊರಳಿದಾಗ ದಾರಿಯಲ್ಲಿ ಒಮ್ಮೆ ಮಿಟುಕಿಸಿದರೆ ಆ ಹೊರಳು ಸಹಜ ಅನಿಸುತ್ತದೆ.

ಹೆಜ್ಜೆ 7: ನೋಟ

ಮನುಷ್ಯರ ಕಣ್ಣು ನಿಧಾನವಾಗಿ ಜಾರುವುದಿಲ್ಲ, ಹಾರುತ್ತದೆ, ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಚಲಿಸುವ ವಸ್ತುವನ್ನು ಹಿಂಬಾಲಿಸುವಾಗ ಮಾತ್ರ ನುಣ್ಣಗೆ ಹೋಗುತ್ತದೆ. ಆದ್ದರಿಂದ ಪಾಪೆಯನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಎರಡು ಮೂರು ಫ್ರೇಮ್‌ನಲ್ಲಿ ಮುಟ್ಟಿಸಿ. ನಿಧಾನಕ್ಕೆ ಜಾರುವ ಪಾಪೆ ಸೆಕ್ಯುರಿಟಿ ಕ್ಯಾಮೆರಾದ ನೆನಪು ತರುತ್ತದೆ.

ಎದುರಿನವರನ್ನು ಎಡೆಬಿಡದೆ ದಿಟ್ಟಿಸಬೇಡಿ. ಅವರು ಮಾತಾಡುವಾಗ ನೋಡಲಿ, ರೋಬೋಟ್ ಉತ್ತರ ಹುಡುಕುವಾಗ ಕಣ್ಣು ಮೇಲಕ್ಕೋ ಪಕ್ಕಕ್ಕೋ ಹೋಗಲಿ. ಸರ್ವರ್‌ನಿಂದ ಉತ್ತರ ಬರಲು ಎರಡು ಸೆಕೆಂಡ್ ತಡ ಇದ್ದರೆ ಈ ಒಂದು ನೋಟ ಆ ತಡವನ್ನು ಯೋಚನೆಯಾಗಿ ಕಾಣಿಸುತ್ತದೆ. ತಿರುಗುವ ವೃತ್ತದ ಲೋಡಿಂಗ್ ಚಿಹ್ನೆಗಿಂತ ಎಷ್ಟೋ ಮೇಲು.

ಹೆಜ್ಜೆ 8: ಬಾಯಿ ಬೇಕಾ?

ಮಾತಾಡದ ರೋಬೋಟ್‌ಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಾತಾಡುವುದಾದರೂ ಒಂದೊಂದು ಅಕ್ಷರಕ್ಕೆ ತುಟಿ ಹೊಂದಿಸಲು ಹೋಗಬೇಡಿ, ಸದ್ದಿನ ಮಟ್ಟಕ್ಕೆ ತಕ್ಕಂತೆ ತೆರೆದು ಮುಚ್ಚಿದರೆ ಸಾಕು. ಯಾರು ಬಳಸುತ್ತಾರೆ ಅನ್ನುವುದೂ ಮುಖ್ಯ. ಮಸಾಕಿ ಯೂಕಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾವನೆ ಅಳೆಯಲು ಜಪಾನಿನವರು ಕಣ್ಣಿಗೆ, ಅಮೆರಿಕದವರು ಬಾಯಿಗೆ ಹೆಚ್ಚು ತೂಕ ಕೊಟ್ಟಿದ್ದರು. ಕಣ್ಣು ಒಂದು ಹೇಳಿ ಬಾಯಿ ಇನ್ನೊಂದು ಹೇಳಿದರೆ ಇಬ್ಬರಿಗೆ ಎರಡು ಅರ್ಥ ಆಗುತ್ತದೆ, ಹುಷಾರು.

ಬಣ್ಣದ ಮೇಲೆ ಭಾರ ಹಾಕಬೇಡಿ. ಕೆಂಪು, ಹಸಿರಿನ ವ್ಯತ್ಯಾಸ ಕಾಣದವರಿದ್ದಾರೆ. ಬಣ್ಣ ತೆಗೆದರೂ ಮುಖ ಅರ್ಥವಾಗಬೇಕು.

ಹೆಜ್ಜೆ 9: ಸಮಯ ಜೋಡಿಸಿ

ಎಲ್ಲ ನಂಬರ್‌ಗಳನ್ನೂ ಗುರಿಗೆ ಒಂದೇ ಏಟಿಗೆ ಹಾರಿಸಬೇಡಿ. ಸುಲಭ ಉಪಾಯ: ಪ್ರತಿ ಫ್ರೇಮ್‌ನಲ್ಲೂ ಗುರಿಗೆ ಉಳಿದಿರುವ ಅಂತರದ ಐದನೇ ಒಂದು ಭಾಗ ಮುಂದೆ ಹೋಗಿ. ಶುರುವಿನಲ್ಲಿ ಬೇಗ, ಕೊನೆಯಲ್ಲಿ ಮೆಲ್ಲಗೆ ಬಂದು ನಿಲ್ಲುತ್ತದೆ. ಖುಷಿಗೆ ಗುರಿಯನ್ನು ಸ್ವಲ್ಪ ದಾಟಿ ವಾಪಸ್ ಬರುವಂತೆ ಮಾಡಿ, ದುಃಖಕ್ಕೆ ಇನ್ನೂ ನಿಧಾನ ಮಾಡಿ. ಆದರೆ ಮಿಟುಕಿಸುವುದಕ್ಕೂ ಕಣ್ಣು ಹಾರುವುದಕ್ಕೂ ಈ ಸೂತ್ರ ಹಾಕಬೇಡಿ, ಅವು ತಮ್ಮ ವೇಗದಲ್ಲೇ ಇರಲಿ.

ಯಾರೋ ಪಕ್ಕದಿಂದ ಹೆಸರು ಕೂಗಿದರು ಅಂತ ಇಟ್ಟುಕೊಳ್ಳಿ. ಸದ್ದು ಬಂದ 100 ಮಿಲಿಸೆಕೆಂಡಿಗೆ ಮೇಲಿನ ರೆಪ್ಪೆ ತುಸು ಏರುತ್ತದೆ. 150ಕ್ಕೆ ಕಣ್ಣು ಆ ಕಡೆ ಹಾರುತ್ತದೆ. 250ಕ್ಕೆ ತಲೆ ತಿರುಗಲು ಶುರುವಾಗಿ ಅರ್ಧ ಸೆಕೆಂಡ್ ತಗೊಳ್ಳುತ್ತದೆ, ತಲೆ ತಿರುಗಿದಷ್ಟೂ ಕಣ್ಣು ನಡುವಿಗೆ ವಾಪಸ್ ಬರುತ್ತದೆ, ನೋಟ ಮಾತ್ರ ಕೂಗಿದವರ ಮೇಲೆಯೇ ಇರುತ್ತದೆ. ತಿರುಗುವ ನಡುವೆ ಒಮ್ಮೆ ರೆಪ್ಪೆ ಬಡಿಯುತ್ತದೆ. ಮುಖ ಕಂಡ ಮೇಲೆ, 800ರ ಹೊತ್ತಿಗೆ, ಕೆಳಗಿನ ರೆಪ್ಪೆ ಏರಿ ನಗುತ್ತದೆ. ಇದೇ ಚಲನೆಗಳನ್ನು ಒಂದೇ ಕ್ಷಣಕ್ಕೆ ಒಟ್ಟಿಗೆ ಶುರು ಮಾಡಿ ನೋಡಿ. ಬಾಗಿಲು ತೆರೆದ ಹಾಗೆ ಕಾಣುತ್ತದೆ, ಯಾರೋ ತಿರುಗಿ ನೋಡಿದ ಹಾಗೆ ಅಲ್ಲ.

ಆಶ್ಚರ್ಯ ಒಂದು ಸೆಕೆಂಡಿನೊಳಗೆ ಮುಗಿಯಬೇಕು, ಆಮೇಲೆ ಅದು ಖುಷಿಗೋ ಗೊಂದಲಕ್ಕೋ ತಿರುಗಬೇಕು. ಕಣ್ಣರಳಿಸಿಕೊಂಡೇ ನಿಂತರೆ ಪ್ರೋಗ್ರಾಂ ಹ್ಯಾಂಗ್ ಆಗಿದೆ ಅಂದುಕೊಳ್ಳುತ್ತಾರೆ.

ಹೆಜ್ಜೆ 10: ಜನರಿಗೆ ತೋರಿಸಿ

"ಇದು ಖುಷಿನಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ಆರು ಹೆಸರು ಕೊಟ್ಟು ಒಂದನ್ನು ಆರಿಸಿ ಅಂದರೂ ಸಾಲದು, ಹತ್ತು ಜನರಲ್ಲಿ ಒಬ್ಬಿಬ್ಬರು ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಿಯಾಗಿರುತ್ತದೆ. ಮೊದಲು "ರೋಬೋಟ್ ಈಗ ಏನು ಹೇಳ್ತಾ ಇದೆ?" ಅಂತ ಕೇಳಿ, ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಪಟ್ಟಿ ಕೊಡಲೇಬೇಕಿದ್ದರೆ "ಇದ್ಯಾವುದೂ ಅಲ್ಲ" ಅನ್ನುವುದನ್ನು ಸೇರಿಸಿ. ಫೋಟೋ ಬೇಡ, ಚಲನೆಯನ್ನೇ ತೋರಿಸಿ.

ಭಯ ಮತ್ತು ಆಶ್ಚರ್ಯ ಬೆರೆತುಹೋಗುವುದು ಮನುಷ್ಯರ ಮುಖದಲ್ಲೂ ಮಾಮೂಲು. ಮುಖದಲ್ಲಿ ತಿದ್ದುವುದಕ್ಕಿಂತ ತಲೆಯಲ್ಲಿ ತಿದ್ದಿ: ಭಯಕ್ಕೆ ಹಿಂದೆ ಸರಿಯಲಿ, ಆಶ್ಚರ್ಯಕ್ಕೆ ಇದ್ದಲ್ಲೇ ನಿಲ್ಲಲಿ. ಗೊಂದಲವನ್ನು ಯಾರಾದರೂ ಸಿಟ್ಟು ಅಂದರೆ ರೆಪ್ಪೆಯ ಓರೆ ಕಡಿಮೆ ಮಾಡಿ ತಲೆ ಒಂದು ಕಡೆ ವಾಲಿಸಿ.

ಸಂದರ್ಭ ಇಲ್ಲದೆ ಮುಖ ಅರ್ಥವಾಗುವುದು ಕಷ್ಟ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದು ಇದನ್ನೇ: ಸಿಟ್ಟು ಬಂದಾಗಲೆಲ್ಲ ಜನ ಹುಬ್ಬು ಗಂಟಿಕ್ಕುವುದಿಲ್ಲ, ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಾಗಿರುವುದಿಲ್ಲ. ಆದ್ದರಿಂದ ಪರೀಕ್ಷೆ ಮಾಡುವಾಗ ನಿಜವಾದ ಕೆಲಸ ಕೊಡಿ. ರೋಬೋಟ್‌ಗೆ ಅರ್ಥವಾಗದ ಮಾತು ಹೇಳಿಸಿ, ಮುಖ ನೋಡಿ ಅವರು ಇನ್ನೊಮ್ಮೆ ಹೇಳುತ್ತಾರಾ, ಇಲ್ಲಾ ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತಾರಾ ಗಮನಿಸಿ. ಇನ್ನೊಮ್ಮೆ ಹೇಳಿದರೆ ಆ ಮುಖ ಗೆದ್ದಿತು, ಅದನ್ನು ಅವರು ಯಾವ ಹೆಸರಿನಿಂದ ಕರೆದರೂ ಪರವಾಗಿಲ್ಲ.

ದಿನಾ ಬಳಸುವಾಗ

ಒಂದೇ ನಗು ಮತ್ತೆ ಮತ್ತೆ ಬಂದರೆ ಜನ ಅದನ್ನು ನೋಡುವುದನ್ನೇ ಬಿಡುತ್ತಾರೆ. ಪ್ರತಿ ಭಾವದ ನಂಬರ್‌ಗಳಿಗೆ ನೂರಕ್ಕೆ ಐದು ಹತ್ತರಷ್ಟು ಏರಿಳಿತ ಸೇರಿಸಿ, ಒಂದು ಸಲದ ಹಾಗೆ ಇನ್ನೊಂದು ಸಲ ಇರುವುದಿಲ್ಲ. ದೊಡ್ಡ ಖುಷಿಯನ್ನು ದೊಡ್ಡ ಕೆಲಸ ಮುಗಿದಾಗ ಮಾತ್ರ ತೋರಿಸಿ. ರಾತ್ರಿ ಬೆಳಕು ತಗ್ಗಿಸಿ. ಒಎಲ್‌ಇಡಿಯಲ್ಲಿ ಕಣ್ಣು ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಉರಿದರೆ ಆ ಪಿಕ್ಸೆಲ್‌ಗಳು ಬೇಗ ಮಂಕಾಗುತ್ತವೆ, ಹಾಗಾಗಿ ಕಣ್ಣಿನ ಜಾಗ ಆಗಾಗ ಒಂದೆರಡು ಪಿಕ್ಸೆಲ್ ಸರಿಯುತ್ತಿರಲಿ. ಹತ್ತು ನಿಮಿಷ ಯಾರೂ ಎದುರು ಬರದಿದ್ದರೆ ರೆಪ್ಪೆ ಮುಚ್ಚಿಸಿ ಸ್ಕ್ರೀನ್ ಆರಿಸಿಬಿಡಿ, ಬ್ಯಾಟರಿಯೂ ಉಳಿಯುತ್ತದೆ.